ಮೂರು ದಿನದ ಲೆಕ್ಕ, ನಾಲ್ಕನೇ ದಿನದ ನಾಕೌಟ್

ಮಳವಳ್ಳಿ, ಮದ್ದೂರಿನ ಕಡೆಯವರಿಗೆ ಕಬಡ್ಡಿ ಪಂದ್ಯಾವಳಿಯ ಕರಪತ್ರದಲ್ಲಿ ಕಾಣುವ ‘ಲೀಗ್ ಕಂ ನಾಕೌಟ್’ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಗುಂಪಿನಲ್ಲಿ ಆಡಿ ಅಂಕ ಕೂಡಿಸಿಕೊಳ್ಳಬೇಕು, ಆಮೇಲೆ ಸೋತವರು ಊರಿಗೆ. ಹೆಚ್ಚುಕಡಿಮೆ ಇದೇ ಏರ್ಪಾಡು 2017ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ವೃತ್ತಿಪರ ಗಾಲ್ಫಿಗೆ ಬಂತು. ಪಂದ್ಯಾವಳಿಯ ಹೆಸರು ‘ವರ್ಲ್ಡ್ ಸೂಪರ್ ಸಿಕ್ಸ್’. ಲೇಕ್ ಕ್ಯಾರಿನ್ಯಪ್ ಕ್ಲಬ್ಬಿನಲ್ಲಿ ಸತತ ಮೂರು ವರ್ಷ ನಡೆಯಿತು. ಮೊದಲ ಮೂರು ದಿನ ಎಂದಿನ ಗಾಲ್ಫ್: 54 ಹೋಲ್, ಕಡಿಮೆ ಹೊಡೆತದವನು ಮುಂದೆ. ಅಲ್ಲಿಂದ ಉಳಿಯುತ್ತಿದ್ದವರು 24 ಜನ. ನಾಲ್ಕನೇ ದಿನ ಅವರು ಇಬ್ಬಿಬ್ಬರಾಗಿ ಆರಾರು ಹೋಲ್ ಆಡುತ್ತಿದ್ದರು. ಹೆಚ್ಚು ಹೋಲ್ ಗೆದ್ದವನು ಮುಂದಿನ ಸುತ್ತಿಗೆ. ಮೊದಲ ಎಂಟು ಜನರಿಗೆ ಒಂದು ಸುತ್ತಿನ ಬೈ, ಅಂದರೆ ಆಡದೆಯೇ ಮುಂದಕ್ಕೆ. ಆರು ಹೋಲ್ ಆದರೂ ಸಮ ಬಂದರೆ 90 ಮೀಟರಿನ ಒಂದು ಪುಟ್ಟ ಹೋಲ್ ತೀರ್ಮಾನ ಹೇಳುತ್ತಿತ್ತು. ಅಲ್ಲೂ ಬಗೆಹರಿಯದಿದ್ದರೆ ಇಬ್ಬರೂ ಮತ್ತೆ ಒಂದೊಂದು ಹೊಡೆತ ಹೊಡೆಯಬೇಕಿತ್ತು. ಯಾರ ಚೆಂಡು ಬಾವುಟದ ಹತ್ತಿರ ಬಿತ್ತೋ ಅವನು ಗೆದ್ದ. ನೋಡುವುದಕ್ಕೆ ಹುಡುಗಾಟದಂತಿರುವ ಈ ನಿಯಮದೊಳಗೆ ಶುದ್ಧ ನಾಕೌಟಿಗಿಂತ ಹೆಚ್ಚು ನ್ಯಾಯವಿದೆ ಎಂಬುದು ನನ್ನ ವಾದ.

ಶುದ್ಧ ನಾಕೌಟ್ ಗಾಲ್ಫಿನಲ್ಲಿ ಏನು ಮಾಡುತ್ತದೆ ಎಂಬುದಕ್ಕೆ 2002ರ ವಿಶ್ವ ಮ್ಯಾಚ್ ಪ್ಲೇ, ಅಂದರೆ ಇಬ್ಬಿಬ್ಬರು ಮುಖಾಮುಖಿ ಆಡುವ, ಪಂದ್ಯಾವಳಿಯೇ ಸಾಕ್ಷಿ. 64 ಜನ ಆಡಿದರು. ಅಗ್ರ ಶ್ರೇಯಾಂಕದ ಟೈಗರ್ ವುಡ್ಸ್, ಎರಡನೆಯ ಫಿಲ್ ಮಿಕಲ್ಸನ್, ಮೂರನೆಯ ಡೇವಿಡ್ ಡುವಾಲ್, ಮೂವರೂ ಮೊದಲ ಸುತ್ತಿನಲ್ಲೇ ಹೊರಗೆ! ಕಪ್ ಎತ್ತಿದ್ದು 62ನೇ ಶ್ರೇಯಾಂಕದ ಕೆವಿನ್ ಸದರ್ಲೆಂಡ್. ಕಡೆಗೆ 2015ರಿಂದ ಅಲ್ಲೂ ನಾಕೌಟಿಗೆ ಮುಂಚೆ ಗುಂಪಿನ ಆಟ ಬಂತು. ಹಾಗೆಂದು ಇಬ್ಬರ ನೇರ ಹಣಾಹಣಿಯನ್ನೇ ಬಿಟ್ಟುಬಿಡಬೇಕೆ? ಹೊಡೆತ ಎಣಿಸುವ ಆಟ ತೋರಿಸಲಾಗದ ಒಂದು ಗುಣವನ್ನು ಅದು ತೋರಿಸುತ್ತದೆ. ತಂಡಗಳ ನಡುವೆ ನಡೆಯುವ ಪ್ರೆಸಿಡೆಂಟ್ಸ್ ಕಪ್‌ನಲ್ಲಿ, 2015ರಲ್ಲಿ, ಬೆಂಗಳೂರಿನ ಅನಿರ್ಬನ್ ಲಾಹಿರಿ ಅಮೆರಿಕದ ಕ್ರಿಸ್ ಕರ್ಕ್ ಎದುರು 18ನೇ ಹೋಲ್‌ನಲ್ಲಿ ನಾಲ್ಕಡಿಯ ಆಸುಪಾಸಿನ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ತಪ್ಪಿದರು. ಅವರ ತಂಡ ಸೋತ ಅಂತರ ಒಂದೇ ಒಂದು ಪಾಯಿಂಟ್. ಸಾಮಾನ್ಯ ಪಂದ್ಯಾವಳಿಯಲ್ಲಿ ಅಂಥ ಪಟ್ ಇನ್ನೊಂದು ಹೊಡೆತವಾಗಿ ಲೆಕ್ಕಕ್ಕೆ ಸೇರಿಕೊಳ್ಳುತ್ತಿತ್ತು, ಅಷ್ಟೆ. ಎದುರಾಳಿ ಪಕ್ಕದಲ್ಲೇ ನಿಂತಿರುವಾಗ ಕೈ ನಡುಗದಿರುವುದು ಬೇರೆಯೇ ಬಗೆಯ ಪಟ್ಟು.

ಆರು ಹೋಲ್‌ನಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಸೋಲಿಸಬಹುದಲ್ಲ, ಇದು ಅದೃಷ್ಟವಲ್ಲದೆ ಇನ್ನೇನು ಎಂಬ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಒಂದು ಪಂದ್ಯದ ಮಟ್ಟಿಗೆ ಅದು ನಿಜ ಕೂಡ. ಆದರೆ ಬೈ ಸಿಗದವನು ಕಪ್ ಗೆಲ್ಲಲು ಒಂದೇ ದಿನ ಐದು ಪಂದ್ಯ ಗೆಲ್ಲಬೇಕಿತ್ತು. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ ಎಂದೇ ಇಟ್ಟುಕೊಳ್ಳಿ. ಅವನಿಗಿದ್ದ ಅವಕಾಶ 32ರಲ್ಲಿ ಒಂದು. ಬೈ ಸಿಕ್ಕವನಿಗೆ ನಾಲ್ಕೇ ಪಂದ್ಯ, ಅವಕಾಶ 16ರಲ್ಲಿ ಒಂದು. ಅಂದರೆ ಬರೀ ಅದೃಷ್ಟದ ಆಟವೆಂದು ಒಪ್ಪಿಕೊಂಡರೂ ಮೂರು ದಿನದ ದುಡಿಮೆ ಅವಕಾಶವನ್ನು ಇಮ್ಮಡಿ ಮಾಡಿದೆ. 54 ಹೋಲ್‌ಗಳ ಜರಡಿ ದಾಟಿ ಬಂದ 24 ಜನರಲ್ಲಿ ಕಳಪೆ ಆಟಗಾರ ಉಳಿದಿರುವುದೂ ಕಷ್ಟ. ಇದು ಗಾಲ್ಫೇ ಅಲ್ಲ ಎನ್ನುವವರಿಗೆ ಒಂದೇ ಉತ್ತರ: ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್ 1916ರಿಂದ 1957ರವರೆಗೂ ಮ್ಯಾಚ್ ಪ್ಲೇ ಆಗಿಯೇ ನಡೆದದ್ದು.

ನನಗೆ ಒಪ್ಪಿಗೆಯಾಗದಿರುವುದು ಬೇರೊಂದಿದೆ. 2017ರಲ್ಲಿ ಪರ್ತ್‌ನವರೇ ಆದ ಬ್ರೆಟ್ ರಮ್ಫರ್ಡ್ 54 ಹೋಲ್ ಮುಗಿದಾಗ ಐದು ಹೊಡೆತ ಮುಂದಿದ್ದರು. ಭಾನುವಾರ ಬೆಳಗಾಗುವಷ್ಟರಲ್ಲಿ ಆ ಐದೂ ಸೊನ್ನೆ. ಎಂಟನೆಯವನಿಗೆ ಸಿಕ್ಕಿದ್ದೂ ಅದೇ ಬೈ, ಮೊದಲನೆಯವರಿಗೆ ಸಿಕ್ಕಿದ್ದೂ ಅದೇ ಬೈ. ರಮ್ಫರ್ಡ್ ಫೈನಲ್‌ನಲ್ಲಿ ಥಾಯ್ಲೆಂಡಿನ ಹದಿನೇಳರ ಹುಡುಗ ಪಚಾರ ಖೊಂಗ್ವತ್ಮೈಯನ್ನು ಸೋಲಿಸಿ ಕಪ್ ಗೆದ್ದರೆನ್ನಿ. ಅವರು ಗೆದ್ದದ್ದರಿಂದ ನಿಯಮದ ಮಾನ ಉಳಿಯಿತು, ಕೊರತೆ ನೀಗಲಿಲ್ಲ. ಮೂರು ದಿನ ಮುಂದಿದ್ದವನಿಗೆ ಪ್ರತಿ ಪಂದ್ಯದಲ್ಲೂ ಮುನ್ನಡೆ ಕೊಟ್ಟರೆ ಹಣಾಹಣಿಯ ರುಚಿಯೇ ಕೆಡುತ್ತದೆ. ಆದರೆ ಸಮ ಬಂದಾಗಲಾದರೂ ಆ 90 ಮೀಟರಿನ ಹೋಲ್‌ನ ಬದಲು 54 ಹೋಲ್‌ಗಳ ಪಟ್ಟಿ ತೆಗೆದು, ಮೇಲಿದ್ದವನೇ ಗೆದ್ದ ಎಂದಿದ್ದರೆ ಸಾಕಿತ್ತು.