ಜೀವಂತ ಮೀನಿನ ವ್ಯಾಪಾರ: ಕಾನೂನು ಯಾರ ಬಾಗಿಲಿಗೆ ಬರಬೇಕು?

(ಮೀನುಗಾರ ಮಹಿಳೆಯರ ಸ್ವಸಹಾಯ ಸಂಘಗಳ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ಸುಸ್ಥಿರ ಮೀನುಗಾರಿಕೆ ಮತ್ತು ಕಾನೂನು’. ಇದನ್ನು ಕೇಳಿ ಕೇಳಿ ನಿಮಗೆ ಸಾಕಾಗಿದೆ ಎಂದು ಗೊತ್ತುಂಟು. ಬಲೆಯ ಕಣ್ಣು, ಮಳೆಗಾಲದ ನಿಷೇಧ, ಲೈಟ್ ಫಿಶಿಂಗ್ ಎಂದು ಇಲಾಖೆಯವರು ಬಂದಾಗಲೆಲ್ಲ ಹೇಳ್ತಾರೆ. ಆದ್ದರಿಂದ ನಾನು ಇವತ್ತು ಫಿಲಿಪ್ಪೀನ್ಸ್ ದೇಶದ ವಿಚಾರ ಹೇಳ್ತೇನೆ. ನಮ್ಮ ಹಾಗೆಯೇ ಮೀನು, ಅನ್ನ ಉಣ್ಣುವ ಜನ. ಹೆಚ್ಚಿನವರು ಕಥೋಲಿಕರು. ಅಲ್ಲಿ ನಡೆದದ್ದರಲ್ಲಿ ನಮ್ಮ ಸಂಘಗಳು ಯೋಚಿಸಬೇಕಾದ ಒಂದು ಮಾತುಂಟು.

ನಾವು ಮುರು ಮೀನು ಅಂತೇವೆ, ಕೊಂಕಣಿಯಲ್ಲಿ ಗೋಬ್ರೊ. ಅದೇ ಜಾತಿಯ ಕೆಂಪು ಮೀನೊಂದು ಹವಳದ ಬಂಡೆಗಳಲ್ಲಿ ಇರುತ್ತದೆ. ಫಿಲಿಪ್ಪೀನ್ಸಿನವರು ಅದಕ್ಕೆ ‘ಸುನೊ’ ಎನ್ನುತ್ತಾರೆ. ಚೀನೀಯರಿಗೆ ಕೆಂಪು ಶುಭದ ಬಣ್ಣ. ಮದುವೆ, ಹೊಸ ವರ್ಷದ ಊಟಕ್ಕೆ ಹಾಂಕಾಂಗ್ ಮತ್ತು ಚೀನಾದ ದೊಡ್ಡ ಹೋಟೆಲುಗಳಲ್ಲಿ ಈ ಮೀನನ್ನು ಗಾಜಿನ ತೊಟ್ಟಿಯಲ್ಲಿ ಈಜಾಡುತ್ತಿರುವಾಗಲೇ ಗಿರಾಕಿ ಆರಿಸುತ್ತಾನೆ. ಆಮೇಲೆ ಅದನ್ನು ಹಬೆಯಲ್ಲಿ ಬೇಯಿಸಿ ಕೊಡುತ್ತಾರೆ. ಸತ್ತ ಮೀನಿಗಿಂತ ಜೀವಂತ ಮೀನಿಗೆ ಹಲವು ಪಟ್ಟು ಬೆಲೆ. ಬುಟ್ಟಿ ಹೊತ್ತು ಮಾರಿದವರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹವಳದ ಸಂದಿಯಲ್ಲಿ ಅಡಗಿದ ಮೀನನ್ನು ಗಾಯವಾಗದಂತೆ ಹಿಡಿಯುವುದು ಹೇಗೆ? ಗಾಳ ಹಾಕಿ ಹಿಡಿಯುವವರು ಇದ್ದಾರೆ. ಅದಕ್ಕೆ ತಾಳ್ಮೆ ಬೇಕು, ಒಂದೊಂದೇ ಸಿಕ್ಕುವುದು. ಬೇಗ ಆಗಬೇಕೆಂದರೆ ಸಯನೈಡ್. ಗುಳಿಗೆಯನ್ನು ನೀರಲ್ಲಿ ಕರಗಿಸಿ ಪ್ಲಾಸ್ಟಿಕ್ ಬಾಟಲಿಗೆ ತುಂಬುತ್ತಾರೆ. ದೋಣಿಯ ಮೇಲೆ ಒಂದು ಕಂಪ್ರೆಸರ್ ಓಡುತ್ತಿರುತ್ತದೆ. ಅದರಿಂದ ಬರುವ ಪೈಪನ್ನು ಬಾಯಲ್ಲಿ ಕಚ್ಚಿಕೊಂಡು ಹುಡುಗರು ಆಳಕ್ಕೆ ಇಳಿಯುತ್ತಾರೆ. ಸಂದಿಗೆ ವಿಷ ಚಿಮುಕಿಸಿದರೆ ಮೀನಿಗೆ ಮತ್ತು ಬರುತ್ತದೆ. ಹವಳ ಒಡೆದು ಅದನ್ನು ಹೊರಗೆ ತೆಗೆಯುತ್ತಾರೆ. ದೊಡ್ಡ ಮೀನು ಶುದ್ಧ ನೀರಲ್ಲಿ ಚೇತರಿಸಿಕೊಳ್ಳುತ್ತದೆ, ಸುತ್ತಲಿನ ಮರಿಗಳೂ ಹವಳವೂ ಸಾಯುತ್ತವೆ. ಆಳದಿಂದ ಒಮ್ಮೆಲೇ ಮೇಲೆ ಬಂದ ಹುಡುಗರಿಗೆ ಕೈಕಾಲು ಬಿದ್ದುಹೋಗುತ್ತದೆ, ಕೆಲವರು ಸಾಯುತ್ತಾರೆ. ವಿಷದ ವಿಷಯ ಬಂದಾಗ ಎಲ್ಲರೂ ಹವಳದ ಬಗ್ಗೆ ಮಾತಾಡುತ್ತಾರೆ, ಈ ಹುಡುಗರ ಬಗ್ಗೆ ಕಡಿಮೆ.

ಮೀನಿನ ಸ್ವಭಾವವೂ ಗೊತ್ತಿರಬೇಕು. ಮುರು ಜಾತಿಯ ಹೆಚ್ಚಿನ ಮೀನುಗಳು ಮೊದಲು ಹೆಣ್ಣು. ಬೆಳೆದು ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ನಗಬೇಡಿ, ದೇವರ ಸೃಷ್ಟಿ ಹಾಗೆ ಉಂಟು! ದೊಡ್ಡದನ್ನೆಲ್ಲ ಹಿಡಿದರೆ ಗಂಡು ಉಳಿಯುವುದಿಲ್ಲ. ಹೋಟೆಲಿಗೆ ಬೇಕಾದ್ದು ಒಂದು ತಟ್ಟೆಗೆ ಹಿಡಿಸುವ ಅರ್ಧ ಕಿಲೋದಿಂದ ಒಂದು ಕಿಲೋದ ಮೀನು. ದೊಡ್ಡದಾಗಿ ಬೆಳೆಯುವ ಜಾತಿಗಳಲ್ಲಿ ಆ ಗಾತ್ರದ್ದು ಇನ್ನೂ ಮೊಟ್ಟೆಯಿಡದ ಮರಿ. ಮೊಟ್ಟೆಯಿಡುವ ಕಾಲದಲ್ಲಿ ಇವು ವರ್ಷ ವರ್ಷ ಅದೇ ಜಾಗದಲ್ಲಿ, ಚಂದ್ರನ ಲೆಕ್ಕ ಹಿಡಿದು ಗುಂಪು ಸೇರುತ್ತವೆ. ಆ ಜಾಗ ಗೊತ್ತಾದ ವ್ಯಾಪಾರಿ ಕೆಲವೇ ವರ್ಷಗಳಲ್ಲಿ ಅದನ್ನು ಖಾಲಿ ಮಾಡಿಬಿಡಬಹುದು. ಆಮೇಲೆ ಮುಂದಿನ ದ್ವೀಪ, ಮುಂದಿನ ದೇಶ. ಹಾಂಕಾಂಗಿನ ಹತ್ತಿರದ ಸಮುದ್ರ ಬರಿದಾದ ಮೇಲೆ ಫಿಲಿಪ್ಪೀನ್ಸ್, ಆಮೇಲೆ ಇಂಡೋನೇಷ್ಯಾ, 1990ರ ದಶಕದಲ್ಲಿ ಪಪುವಾ ನ್ಯೂಗಿನಿವರೆಗೂ ಈ ವ್ಯಾಪಾರ ಹೋಯಿತು.

ಈಗ ಕಾನೂನಿಗೆ ಬರೋಣ. ಫಿಲಿಪ್ಪೀನ್ಸಿನ ಪಲವಾನ್ ಎಂಬ ದ್ವೀಪದ ರಾಜಧಾನಿ ಪೋರ್ಟೊ ಪ್ರಿನ್ಸೆಸಾ. ಆ ನಗರಸಭೆ 1992ರ ಡಿಸೆಂಬರಿನಲ್ಲಿ ಒಂದು ಗಟ್ಟಿ ನಿರ್ಧಾರ ಮಾಡಿತು. 1993ರ ಜನವರಿ 1ರಿಂದ ಐದು ವರ್ಷ, ಕೆಲವು ಜಾತಿಗಳನ್ನು ಬಿಟ್ಟರೆ, ಜೀವಂತ ಮೀನನ್ನೂ ಲಾಬ್‌ಸ್ಟರನ್ನೂ ನಗರದಿಂದ ಹೊರಗೆ ಸಾಗಿಸುವಂತಿಲ್ಲ. ಪ್ರಾಂತ್ಯದ ಸಭೆಯೂ 1993ರಲ್ಲಿ ಸುನೊ ಮೊದಲಾದ ಹವಳದ ಮೀನುಗಳನ್ನು ಜೀವಂತ ಹಿಡಿಯುವುದನ್ನೇ ಐದು ವರ್ಷ ನಿಷೇಧಿಸಿತು. ತಮ್ಮ ಪ್ರಾಂತ್ಯದ ಹವಳದಲ್ಲಿ ಶೇಕಡಾ 5 ಮಾತ್ರ ಅತ್ಯುತ್ತಮ ಸ್ಥಿತಿಯಲ್ಲಿ ಉಳಿದಿದೆ ಎಂಬ ಕಾರಣವನ್ನು ಆ ಸಭೆ ಕೊಟ್ಟಿತ್ತು. ಗಮನಿಸಿ, ಇದನ್ನು ಮಾಡಿದ್ದು ದೆಹಲಿಯಂಥ ದೊಡ್ಡ ಸರ್ಕಾರವಲ್ಲ. ನಮ್ಮ ಪುರಸಭೆ, ಜಿಲ್ಲಾ ಪಂಚಾಯತಿನಂಥ ಸ್ಥಳೀಯ ಸಭೆಗಳು.

ಮೀನುಗಾರರೂ ವಿಮಾನದಲ್ಲಿ ಮೀನು ಕಳಿಸುವ ವ್ಯಾಪಾರಿಗಳ ಸಂಘವೂ ಒಟ್ಟಿಗೆ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಹೊಟ್ಟೆಪಾಡಿಗೆ ಕಲ್ಲು ಬಿತ್ತು, ಸಂವಿಧಾನ ಬಡ ಮೀನುಗಾರರಿಗೆ ಆದ್ಯತೆ ಕೊಟ್ಟಿದೆ ಎಂದು ವಾದಿಸಿದರು. 1997ರಲ್ಲಿ ತೀರ್ಪು ಬಂತು. ಸ್ಥಳೀಯ ಸಭೆಗಳಿಗೆ ಈ ಅಧಿಕಾರ ಉಂಟು, ಸಮುದ್ರವನ್ನು ಮುಂದಿನ ತಲೆಮಾರಿಗೆ ಕಾಪಾಡುವುದು ಅವುಗಳ ಕರ್ತವ್ಯವೂ ಹೌದು ಎಂದು ಕೋರ್ಟು ಹೇಳಿತು. ವ್ಯಾಪಾರಿಗಳ ಸಂಘ ಹೊಟ್ಟೆಪಾಡಿನ ಮೀನುಗಾರರದ್ದಲ್ಲ, ಉಳಿದವರೂ ತಾವು ಅಂಥವರೆಂದು ತೋರಿಸಿಕೊಟ್ಟಿಲ್ಲ ಎಂದಿತು. ವ್ಯಾಪಾರಿಗೆ ಕಷ್ಟ ಬಂದಾಗ ಬಡವನನ್ನು ಮುಂದೆ ನಿಲ್ಲಿಸುವುದು ನಮ್ಮಲ್ಲೂ ಇಲ್ಲವೇ?

ತೀರ್ಪು ಸರಿಯೇ. ಆದರೆ ಅಲ್ಲಿಗೆ ಕಥೆ ಮುಗಿಯಲಿಲ್ಲ. ಫಿಲಿಪ್ಪೀನ್ಸಿನ 1998ರ ಮೀನುಗಾರಿಕಾ ಕಾನೂನಿನಂತೆ ದೋಣಿಯಲ್ಲಿ ವಿಷ ಸಿಕ್ಕಿದರೂ ಸಾಕು, ಅಪರಾಧಕ್ಕೆ ಮೇಲ್ನೋಟದ ಸಾಕ್ಷಿ. ಆದರೂ ಸಯನೈಡ್ ನಿಂತಿಲ್ಲ. ಯಾಕೆ? ಆ ಹುಡುಗನ ದೋಣಿ, ಕಂಪ್ರೆಸರ್, ಅಕ್ಕಿಯ ಖರ್ಚು, ಕೆಲವು ಕಡೆ ಸಯನೈಡ್ ಸಹ, ಎಲ್ಲ ಮೀನು ಕೊಳ್ಳುವ ವ್ಯಾಪಾರಿಯೇ ಮುಂಗಡವಾಗಿ ಕೊಟ್ಟದ್ದು. ಮೀನನ್ನು ಅವನಿಗೇ, ಅವನು ಹೇಳಿದ ಬೆಲೆಗೇ ಕೊಡಬೇಕು. ಗಾಳ ಹಾಕಿ ಕೂತರೆ ಸಾಲ ತೀರುವುದಿಲ್ಲ. ಪೊಲೀಸರು ಬಂದಾಗ ಸಿಕ್ಕುವವನು ಹುಡುಗ. ಸಾಲದ ಪುಸ್ತಕ ಇಟ್ಟುಕೊಂಡವನು ಪೇಟೆಯ ಮನೆಯಲ್ಲಿ ಇರುತ್ತಾನೆ. ಸಯನೈಡ್ ಪತ್ತೆಗೆ ಪ್ರಯೋಗಶಾಲೆಗಳನ್ನೂ ಮಾಡಿದರು, ಆದರೆ ಮೀನಿನ ದೇಹದಲ್ಲಿ ಆ ವಿಷ ಹೆಚ್ಚು ಹೊತ್ತು ಇರುವುದಿಲ್ಲ.

ಅತ್ತ ಕೊಳ್ಳುವ ಕಡೆಗೆ ಕಾನೂನು ಹೋದದ್ದು ತಡವಾಗಿ. ನೆಪೋಲಿಯನ್ ರಾಸ್ ಎಂಬ ದೊಡ್ಡ ಮೀನುಂಟು, ಮನುಷ್ಯನಿಗಿಂತ ಉದ್ದ ಬೆಳೆಯುತ್ತದೆ, 30 ವರ್ಷ ಬದುಕಬಲ್ಲದು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಗೆ ಅದನ್ನು 2004ರಲ್ಲಿ ಸೇರಿಸಿದರು. ಆ ಮೇಲೆ ಅದನ್ನು ಕಳಿಸಲು ಪರವಾನಿಗೆ ಬೇಕಾಯಿತು. ಹಾಂಕಾಂಗಿನಲ್ಲಿ ಇಟ್ಟುಕೊಳ್ಳುವವರಿಗೂ ಪರವಾನಿಗೆ ಬೇಕು. ಒಂದೇ ಪರವಾನಿಗೆಯಲ್ಲಿ ಮೀನು ಬದಲಾಯಿಸಿ ಮಾರುವುದನ್ನು ಹಿಡಿಯಲು, ಅದರ ಮುಖದ ಗೆರೆಗಳನ್ನು ಫೋಟೋದಲ್ಲಿ ಗುರುತಿಸುವ ವಿಧಾನವನ್ನು ಹಾಂಕಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದಾರೆ. ನಮಗೆ ಬೆರಳಚ್ಚು ಇದ್ದ ಹಾಗೆ. ಹೀಗೆ ತೊಟ್ಟಿಯ ಹತ್ತಿರ ಹೋಗಿ ಲೆಕ್ಕ ಕೇಳುವ ಕಾನೂನೇ ನನಗೆ ಹೆಚ್ಚು ನ್ಯಾಯವಾಗಿ ಕಾಣುವುದು.

ಇದೇ ಕೆಂಪು ಮೀನನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಿಂದಲೂ ಜೀವಂತ ಕಳಿಸುತ್ತಾರೆ. ಅಲ್ಲಿ ಗಾಳದಿಂದಲೇ ಹಿಡಿಯುವುದು. 38 ಸೆಂಟಿಮೀಟರಿಗಿಂತ ಚಿಕ್ಕದು ಸಿಕ್ಕಿದರೆ ವಾಪಸ್ ಬಿಡಬೇಕು. 2004ರಿಂದ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯುಂಟು, ಮೊಟ್ಟೆಯಿಡುವಾಗ ಕೆಲವು ದಿನ ರಜೆ. ಹಾಗಾದರೆ ಜೀವಂತ ಮೀನು ಮಾರುವುದೇ ಪಾಪವಲ್ಲ. ಆದರೆ ಅವರು ಶ್ರೀಮಂತ ದೇಶದವರು, ಲೈಸೆನ್ಸ್ ಇದ್ದವರು ಕಡಿಮೆ. ಪಲವಾನಿನ ಸಾವಿರಾರು ಚಿಕ್ಕ ದೋಣಿಗಳಿಗೆ ಅದನ್ನು ಹಾಗೆಯೇ ಅನ್ವಯಿಸಲು ಹೊರಟರೆ ಮುಂಗಡ ಕೊಡುವವನೇ ಗೆಲ್ಲುತ್ತಾನೆ.

ಸಂತ ಪಾಪು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಹವಳದ ಬಂಡೆಗಳ ನಾಶವನ್ನು ಹೇಳುವಾಗ ಸಯನೈಡ್ ಮತ್ತು ಸಿಡಿಮದ್ದಿನ ಮೀನುಗಾರಿಕೆಯನ್ನು ಹೆಸರಿಸಿಯೇ ಬರೆದರು. ಅಲ್ಲಿ ಅವರು ನೆನಪಿಸಿಕೊಂಡದ್ದು ಫಿಲಿಪ್ಪೀನ್ಸಿನ ಧರ್ಮಾಧ್ಯಕ್ಷರು 1988ರಲ್ಲಿ ಬರೆದ ಪತ್ರವನ್ನು. ಸಮುದ್ರದ ವಿಷಯ ಚರ್ಚಿಗೆ ಯಾಕೆ ಎಂದು ಕೇಳುವವರಿಗೆ ಇದನ್ನು ತೋರಿಸಬಹುದು.

ಹಾಂಕಾಂಗಿನ ಈ ವ್ಯಾಪಾರ ನಮ್ಮ ಕರಾವಳಿಯದ್ದಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮಗೂ ಹವಳ ಉಂಟು. ಬಂಡೆ ಕಟ್ಟುವ ಹವಳವನ್ನೂ ಮುರು ಜಾತಿಯ ಅತಿ ದೊಡ್ಡ ಮೀನನ್ನೂ 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದ್ದಾರೆ, ಅವನ್ನು ಮುಟ್ಟಿದರೆ ಜೈಲು. ಇದು ಗಂಡಸರಿಗೆ ತಿಳಿದಿರಲಿ. ಆದರೆ ನಿಮ್ಮ ಹತ್ತಿರ ನಾನು ಕೇಳುವುದು ಮುಂಗಡದ ವಿಷಯ. ಬಲೆಗೆ, ಎಂಜಿನ್ನಿಗೆ, ಐಸಿಗೆ ಹಣ ಕೊಟ್ಟವರೇ ನಮ್ಮಲ್ಲೂ ಬೆಲೆ ಕಟ್ಟುವುದುಂಟು. ಮರಿ ಮೀನು ಬೇಡ ಎಂದು ಸಾಲಗಾರನಿಗೆ ಹೇಳುವ ಧೈರ್ಯ ಯಾವ ದೋಣಿಯವನಿಗೆ ಬರುತ್ತದೆ?

ಚಹಾ ಆದ ಮೇಲೆ ಗುಂಪು ಚರ್ಚೆ ಉಂಟು. ಪ್ರತಿ ಸಂಘ ಒಂದು ಹಾಳೆಯಲ್ಲಿ ಬರೆಯಿರಿ: ನಿಮ್ಮ ಸದಸ್ಯರ ಮನೆಗಳಲ್ಲಿ ಎಷ್ಟು ದೋಣಿಗಳಿಗೆ ಮೀನು ಕೊಳ್ಳುವವರಿಂದಲೇ ಸಾಲ ಇದೆ, ಎಷ್ಟು ಬಾಕಿ, ಮೀನು ಅವರಿಗೇ ಕೊಡಬೇಕೆಂಬ ಷರತ್ತು ಉಂಟೋ ಇಲ್ಲವೋ. ಹೆಸರು ಬರೆಯುವುದು ಬೇಡ, ಲೆಕ್ಕ ಸಾಕು. ಅದನ್ನು ನೋಡಿಕೊಂಡು ಸಂಘದ ಉಳಿತಾಯದಿಂದ ಮೊದಲು ಯಾರ ಮುಂಗಡ ತೀರಿಸಬಹುದು ಎಂದು ಮಧ್ಯಾಹ್ನ ಕೂತು ಮಾತಾಡೋಣ.