ಆಪರೇಷನ್ ಆಗಿ ಮನೆಗೆ ಬಂದ ಮೇಲೆ ವಾಂತಿಯಾದರೆ...

(ಚನ್ನರಾಯಪಟ್ಟಣದಲ್ಲಿ ಸ್ವಸಹಾಯ ಸಂಘದ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಸಂತಾನಹರಣ ಚಿಕಿತ್ಸೆ, ಸಿಸೇರಿಯನ್, ಗರ್ಭಕೋಶದ ಆಪರೇಷನ್ – ಇವುಗಳಲ್ಲಿ ಒಂದಾದರೂ ಆಗದ ಮನೆ ನಮ್ಮ ಸಂಘಗಳಲ್ಲಿ ಅಪರೂಪ. ಹೊಲಿಗೆ ನೋಡಿಕೊಳ್ಳೋದು ಎಲ್ಲರಿಗೂ ಗೊತ್ತು. ಆದರೆ ಮನೆಗೆ ಬಂದ ಮೇಲೆ ವಾಂತಿಯಾದರೆ?

ಹಿಂದೊಮ್ಮೆ ಸದಸ್ಯೆಯೊಬ್ಬರನ್ನು ನೋಡಲು ಹೋಗಿದ್ದೆವು. ಆಸ್ಪತ್ರೆಯಿಂದ ಬಂದು ನಾಲ್ಕು ದಿನ ಆಗಿತ್ತು. ಎರಡು ದಿನದಿಂದ ವಾಂತಿ, ಹೊಟ್ಟೆ ಉಬ್ಬಿತ್ತು. "ಪಿತ್ತ ಇರಬೇಕು ಸಿಸ್ಟರ್. ಆಗಲೇ ಅಷ್ಟೊಂದು ಖರ್ಚಾಗಿದೆ, ಮತ್ತೆ ಆಸ್ಪತ್ರೆಗೆ ಅಂತ ಮನೇಲಿ ಹೇಗೆ ಕೇಳಲಿ?" ಅಂದರು. ಕೂಡಲೇ ಆಟೋದಲ್ಲಿ ಕರೆದುಕೊಂಡು ಹೋದೆವು. ಕರುಳು ಕೆಲಸ ನಿಲ್ಲಿಸಿತ್ತು. ಡ್ರಿಪ್ ಹಾಕಿ ಒಂದು ವಾರ ಇಟ್ಟುಕೊಂಡರು, ಗುಣವಾಯಿತು. ಇನ್ನೂ ತಡವಾಗಿದ್ದರೆ?

ಮೊದಲ ಒಂದು ದಿನ ಹೊಟ್ಟೆ ತೊಳಸುವುದು, ಒಂದೆರಡು ಸಲ ವಾಂತಿಯಾಗುವುದು ಸಾಮಾನ್ಯ. ಪೂರ್ತಿ ಅರಿವಳಿಕೆ ಕೊಟ್ಟ 10 ಜನರಲ್ಲಿ ಸುಮಾರು 3 ಜನರಿಗೆ ಹೀಗಾಗುತ್ತೆ. ಹೆಂಗಸರಿಗೆ, ಬಸ್ಸಿನಲ್ಲಿ ವಾಂತಿ ಬರುವವರಿಗೆ ಇನ್ನೂ ಜಾಸ್ತಿ. ಕೆಲವು ನೋವಿನ ಮಾತ್ರೆಗಳಿಂದಲೂ ಬರುತ್ತೆ. ಆದ್ದರಿಂದ "ನನಗೆ ಬಸ್ಸಲ್ಲಿ ವಾಂತಿ ಬರುತ್ತೆ" ಅಂತ ಆಪರೇಷನ್‌ಗೆ ಮೊದಲೇ ಡಾಕ್ಟರಿಗೆ ಹೇಳಿ. ವಾಂತಿ ತಡೆಯುವ ಔಷಧಿ ಇದೆ, ಕೊಡುತ್ತಾರೆ.

ಮನೆಯಲ್ಲಿ ಏನು ಮಾಡಬೇಕು?

- ಲೋಟಗಟ್ಟಲೆ ಕುಡಿಸಬೇಡಿ. ಐದು–ಹತ್ತು ನಿಮಿಷಕ್ಕೊಮ್ಮೆ ಒಂದೆರಡು ಚಮಚ ನೀರು, ಗಂಜಿ ತಿಳಿ ಅಥವಾ ಓ.ಆರ್.ಎಸ್. ಕೊಡಿ.
- ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು.
- ನೀರು ನಿಂತ ಮೇಲೆ ಗಂಜಿ, ಇಡ್ಲಿ, ಮೆತ್ತಗಿನ ಅನ್ನ. "ಶಕ್ತಿ ಬರಲಿ" ಅಂತ ಮುದ್ದೆ, ಸಾರು ಒತ್ತಾಯ ಮಾಡಬೇಡಿ. ಒಗ್ಗರಣೆ ವಾಸನೆ ದೂರವಿರಲಿ.
- ತಲೆ ಎತ್ತರಿಸಿ ಮಲಗಿಸಿ. ಮಂಪರಿದ್ದರೆ ಮಗ್ಗುಲಾಗಿ ಮಲಗಿಸಿ. ಹೊಟ್ಟೆಯ ಆಪರೇಷನ್ ಆಗಿದ್ದರೆ ವಾಂತಿ ಬರುವಾಗ ಗಾಯದ ಮೇಲೆ ದಿಂಬು ಮೆತ್ತಗೆ ಒತ್ತಿ ಹಿಡಿಯಲಿ.
- ಮಾತ್ರೆಯಿಂದ ವಾಂತಿ ಅನ್ನಿಸಿದರೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಓ.ಆರ್.ಎಸ್., ಎಳನೀರು ಕುಡಿಯುವ ಮೊದಲೂ ಕೇಳಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು

ಕುಡಿದ ನೀರೂ ನಿಲ್ಲದಿರುವುದು. ಹಸಿರು ಬಣ್ಣದ, ರಕ್ತದ ಅಥವಾ ಕಾಫಿ ಪುಡಿಯಂಥ ವಾಂತಿ. ಹೊಟ್ಟೆ ಉಬ್ಬಿ ಗಾಳಿ ಹೋಗದಿರುವುದು. ಜ್ವರ, ಜೋರು ಹೊಟ್ಟೆನೋವು. ಆರೆಂಟು ಗಂಟೆ ಮೂತ್ರ ಆಗದಿರುವುದು, ತಲೆ ಸುತ್ತುವುದು. ಹೊಲಿಗೆ ಬಿಟ್ಟುಕೊಳ್ಳುವುದು. ಚೆನ್ನಾಗಿದ್ದವರಿಗೆ ಎರಡು ಮೂರು ದಿನ ಬಿಟ್ಟು ವಾಂತಿ ಶುರುವಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಕು. ವಾಹನ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಡಿಸ್‌ಚಾರ್ಜ್ ಚೀಟಿ, ಮಾತ್ರೆ ಎರಡನ್ನೂ ಜೊತೆಗೆ ಒಯ್ಯಿರಿ.

ಸಹೋದರಿಯರೇ, ನಮ್ಮ ಹೆಂಗಸರು ನೋವನ್ನು ನುಂಗಿಕೊಳ್ಳುತ್ತಾರೆ. ಖರ್ಚಾಗುತ್ತೆ, ಮನೆಕೆಲಸ ನಿಲ್ಲುತ್ತೆ ಅಂತ ಬಾಯಿ ಬಿಡೋದಿಲ್ಲ. ಅದಕ್ಕೇ ಸಂಘ ಇರೋದು. ಸದಸ್ಯೆ ಆಸ್ಪತ್ರೆಯಿಂದ ಬಂದ ಮೊದಲ ವಾರ ದಿನಕ್ಕೊಬ್ಬರು ಹೋಗಿ ನೋಡಿ ಬನ್ನಿ. "ಏನಾದರೂ ಕುಡಿದಿರಾ? ಮೂತ್ರ ಆಯಿತಾ? ಗಾಳಿ ಹೋಯಿತಾ?" – ಈ ಮೂರು ಮಾತು ಕೇಳಿ. ದುಡ್ಡಿನ ತೊಂದರೆಯಿದ್ದರೆ ವಾರದ ಸಭೆಗೆ ಕಾಯದೆ ಉಳಿತಾಯದಿಂದ ತುರ್ತು ಸಾಲ ಕೊಡುವುದಾಗಿ ಇಂದೇ ಠರಾವು ಬರೆಯೋಣ. ಸಾಲ ನಿಧಾನವಾಗಿ ತೀರುತ್ತೆ. ಹೋದ ಜೀವ ಬರೋದಿಲ್ಲ.