ಹೋಗಿ ಬಾ ನಮ್ಮವ್ವ



ನಮ್ಮ ಆಯಿಯ ತವರು ನಾರಾಯಣಖೇಡದ ಕಡೆ. ಸಣ್ಣವನಿದ್ದಾಗ ನನ್ನ ಮೈಮೇಲೆ ನೀರುಗುಳ್ಳೆ ಎದ್ದವು. ಅಪ್ಪ "ಜ್ವರ ಭಾಳ ಅದ" ಎನ್ನಲು ಬಾಯಿ ತೆರೆದರೆ ಆಯಿ ಕಣ್ಣಲ್ಲೇ ಗದರಿದಳು. "ಅವ್ವ ಬಂದಾಳ ಅನ್ರಿ." ಅಂದಿನಿಂದ ಮನೆಯಲ್ಲಿ ಒಗ್ಗರಣೆ ಬಂದ್, ಬಾಗಿಲಿಗೆ ಬೇವಿನ ತೊಪ್ಪಲು, ಯಾರೂ ಜೋರಾಗಿ ಮಾತಾಡುವಂತಿಲ್ಲ. ದೊಡ್ಡ ಅತಿಥಿಯೊಬ್ಬರು ಒಳಕೋಣೆಯಲ್ಲಿ ಮಲಗಿದ್ದಾರೆ ಅನ್ನುವ ಹಾಗೆ ಎಲ್ಲರ ನಡಿಗೆ. ಗುಳ್ಳೆ ಒಣಗಿದ ಮೇಲೆ ಬೇವು ಅರಿಶಿನದ ನೀರು ಎರೆದು, ಮೊಸರನ್ನದ ಎಡೆಯನ್ನು ಊರ ಸೀಮೆಗೆ ಒಯ್ದು ಇಟ್ಟು, ಆಯಿ ಕೈಮುಗಿದಳು: "ತಣ್ಣಗ ಹೋಗಿ ಬಾ ನಮ್ಮವ್ವ."

ಆ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಬೇನೆ ಮತ್ತೆ ಬರಲಿ ಅಂತ ಯಾರು ಬಯಸುತ್ತಾರೆ? ಆದರೆ ಮನೆಗೆ ಬಂದವರಿಗೆ ಬರೀ "ಹೋಗು" ಅನ್ನುವ ರೂಢಿ ನಮ್ಮ ಭಾಷೆಗಿಲ್ಲ. ಬೇನೆಗೂ ಅದೇ ಮರ್ಯಾದೆ. ನಮ್ಮ ಈ ಗಡಿ ಸೀಮೆಯಲ್ಲಿ ಮೂರು ಭಾಷೆ ಒಂದೇ ಸಂತೆಯಲ್ಲಿ ಓಡಾಡುತ್ತವೆ; ಮೂರರದ್ದೂ ಇದೇ ರೀತಿ. ಸಿಡುಬಿಗೆ ಕನ್ನಡದಲ್ಲಿ ಅಮ್ಮ, ತೆಲುಗಿನಲ್ಲಿ ಅಮ್ಮವಾರು, ಮರಾಠಿಯಲ್ಲಂತೂ ರೋಗದ ಹೆಸರೇ ದೇವಿ.

ಇಂಥದೇ ಇನ್ನೊಬ್ಬ ಅವ್ವನನ್ನು ಕಾಣಲು ಈಗ ಸ್ವಲ್ಪ ದೂರ ಹೋಗೋಣ, ನೈಲ್ ನದಿಯ ದಂಡೆಗೆ. ಹಳೆಯ ಈಜಿಪ್ಟಿನಲ್ಲಿ ಸೆಖ್ಮೆತ್ ಎಂಬ ದೇವತೆ ಇದ್ದಳು. ಹೆಣ್ಣಿನ ಮೈ, ಸಿಂಹಿಣಿಯ ಮುಖ. ಸೂರ್ಯದೇವ ರಾ ಇವಳ ತಂದೆ. ಅವನಿಗೆ ಮುಪ್ಪು ಬಂತು, ಮನುಷ್ಯರು ಅವನ ವಿರುದ್ಧವೇ ಮಸಲತ್ತು ನಡೆಸಿದರು. ಅವನು ಮಗಳನ್ನು ಕಳಿಸಿದ. ಅವಳು ಕೊಲ್ಲುತ್ತ ಹೋದಳು, ರಕ್ತದ ರುಚಿ ಹತ್ತಿತು, ತಂದೆ ಸಾಕು ಎಂದರೂ ನಿಲ್ಲಲಿಲ್ಲ. ಆಗ ರಾ ಒಂದು ಉಪಾಯ ಹೂಡಿದ. ರಾತ್ರೋರಾತ್ರಿ 7,000 ಗಡಿಗೆ ಬಾರ್ಲಿಯ ಮದ್ಯ ಮಾಡಿಸಿ, ಕೆಮ್ಮಣ್ಣು ಕಲಸಿ ರಕ್ತದಂತೆ ಕೆಂಪಾಗಿಸಿ ಹೊಲದ ತುಂಬ ಸುರಿಸಿದ. ಬೆಳಿಗ್ಗೆ ಅವಳು ಬಗ್ಗಿ ನೋಡಿದಳು, ತನ್ನ ಮುಖ ಚೆಂದ ಕಂಡಿತು, ಕುಡಿದಳು. ಅಮಲೇರಿ, ಯಾರನ್ನು ಕೊಲ್ಲಬೇಕೆಂಬುದೇ ಮರೆತು ಮನೆಗೆ ಹಿಂದಿರುಗಿದಳು. ಫರೋ ಸೇಟಿಯ ಸಮಾಧಿಯ ಗೋಡೆಯ ಮೇಲೂ ಈ ಕಥೆ ಕೊರೆದಿದೆ.

ಗಮನಿಸಿ, ಅವಳನ್ನು ಯಾರೂ ಸೋಲಿಸಲಿಲ್ಲ. ಹೊಟ್ಟೆ ತುಂಬಿಸಿದರು, ತಣ್ಣಗಾಗಿಸಿದರು.

ಸೆಖ್ಮೆತ್ ಬಾಣ ಬಿಟ್ಟರೆ ಊರಿಗೆ ಪಿಡುಗು. ವಾಸಿ ಮಾಡುವವಳೂ ಅವಳೇ. ಸುಮಾರು 3,500 ವರ್ಷದ ಹಿಂದಿನ ಏಬರ್ಸ್ ವೈದ್ಯಗ್ರಂಥ ನಾಡಿ ನೋಡುವ ಮಾತು ಬಂದಾಗ ವೈದ್ಯನ ಜೊತೆಗೇ ಸೆಖ್ಮೆತ್‌ಳ ಪೂಜಾರಿಯನ್ನೂ ಹೆಸರಿಸುತ್ತದೆ. ಈಜಿಪ್ಟಿನವರ ವರ್ಷದಲ್ಲಿ ತಲಾ 30 ದಿನದ 12 ತಿಂಗಳು, ಉಳಿದ 5 ದಿನ ಬೇರೆ. ನೈಲ್‌ನ ಹೊಸ ನೀರು ಏರುವ ಹೊತ್ತಿಗೆ ಹೊಸ ವರ್ಷ, ಅದರ ಮುಂಚಿನ ಆ 5 ದಿನ ಅವಳ ದೂತರು ತಿರುಗಾಡುವ ಕೆಟ್ಟ ದಿನಗಳು. ಜನ ನಾರುಬಟ್ಟೆಯ ಪಟ್ಟಿಯ ಮೇಲೆ ದೇವರ ಚಿತ್ರ ಬರೆಸಿ, ಗಂಟು ಹಾಕಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ತಾಯಿತವಲ್ಲದೆ ಇನ್ನೇನು ಅದು!

ನೈಲ್ ಏರುತ್ತಿದ್ದುದು ನಮ್ಮ ಜುಲೈ ಸುಮಾರಿಗೆ. ನಮ್ಮಲ್ಲಿ ಅದೇ ಆಷಾಢ. ಮೊದಲ ಮಳೆ, ಬಾವಿಗೆ ಹೊಸ ನೀರು, ನೊಣ, ಜ್ವರ. ಆಗಲೇ ಹೆಣ್ಣುಮಕ್ಕಳು ಸಿಡುಬಿನ ಅವ್ವ ಪೋಚಮ್ಮನಿಗೆ ಗಡಿಗೆ ಹೊರುತ್ತಾರೆ. ಸುಣ್ಣ, ಅರಿಶಿನ, ಕುಂಕುಮ ಬಳಿದ ಗಡಿಗೆ. ಒಳಗೆ ಅನ್ನ, ಬೆಲ್ಲ, ಮೊಸರು. ಸುತ್ತ ಬೇವು, ಮೇಲೆ ದೀಪ. ತೆಲುಗಿನಲ್ಲಿ ಅದು ಬೋನಂ, ಹಲವಾದರೆ ಬೋನಾಲು. ದೇವರ ಎಡೆಗೆ ಹಳೆಯ ಕನ್ನಡದಲ್ಲೂ ಬೋನ ಎಂದೇ ಹೆಸರು. ಭೋಜನವೇ ಬಾಯಲ್ಲಿ ಸವೆದು ಬೋನವಾಗಿದೆ. ಗುಡಿಯ ಮುಂದೆ ಬೇವು ಅರಿಶಿನ ಬೆರೆತ ನೀರು ಹೊಯ್ಯುತ್ತಾರೆ, ಕೆಲವೆಡೆ ಸಿಂದಿ. ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿಯ ಕಥೆಯೂ ಪಿಡುಗಿನದೇ. 1813ರಲ್ಲಿ ಊರಿಗೆ ಮಾರಿ ಬಡಿದಾಗ ಉಜ್ಜಯಿನಿಯಲ್ಲಿದ್ದ ಸಿಪಾಯಿಯೊಬ್ಬ ಹರಕೆ ಹೊತ್ತನಂತೆ, ಆಮೇಲೆ ಬಂದು ಗುಡಿ ಕಟ್ಟಿಸಿದನಂತೆ.

ಹಾಗಂತ ಈಜಿಪ್ಟಿನವಳೇ ಹಡಗು ಹತ್ತಿ ಇಲ್ಲಿಗೆ ಬಂದಳು ಅಂತ ನಾನು ಹೇಳುತ್ತಿಲ್ಲ. ಅಂಥ ವಂಶಾವಳಿ ಕಟ್ಟುವವರು ಬಹಳ ಮಂದಿ ಇದ್ದಾರೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಮಗು ಜ್ವರದಲ್ಲಿ ಬೇಯುತ್ತಿರುವಾಗ ಒದ್ದೆ ಬಟ್ಟೆ ಹಿಡಿದು ಕೂತ ತಾಯಿ ನೈಲ್ ದಂಡೆಯಲ್ಲಿದ್ದರೂ ನಮ್ಮ ಕಾಗಿಣಾ ಹೊಳೆಯ ದಂಡೆಯಲ್ಲಿದ್ದರೂ ಅವಳಿಗೆ ತೋಚುವುದು ಒಂದೇ: ತಂಪು ಮಾಡು. ಮೈಯ ಉರಿಗೂ ದೇವಿಯ ಸಿಟ್ಟಿಗೂ ಅವಳು ಒಂದೇ ಮದ್ದು ಹುಡುಕಿದಳು.

ಈಜಿಪ್ಟಿನ ಐದನೆಯ ರಾಮ್ಸೆಸ್ 3,100 ವರ್ಷದ ಹಿಂದೆ ಸತ್ತ ಅರಸು. ಅವನ ಮಮ್ಮಿಯ ಮುಖದ ಮೇಲೆ ಗುಳ್ಳೆಗಳ ಗುರುತುಗಳಿವೆ. ನೋಡಿದ ತಜ್ಞರು ಸಿಡುಬಿರಬಹುದು ಅನ್ನುತ್ತಾರೆ. ಅವನಿಗಿಂತ ಮುಂಚಿನ ಮೂರನೆಯ ಅಮೆನ್‌ಹೋಟೆಪ್ ಸೆಖ್ಮೆತ್‌ಳ ಕರಿಕಲ್ಲಿನ ವಿಗ್ರಹಗಳನ್ನು ನೂರಾರು ಸಂಖ್ಯೆಯಲ್ಲಿ ಕಡೆಸಿದ್ದ. ಯಾಕೆ ಅಷ್ಟು ಅಂತ ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಹೆದರಿದವನ ಲೆಕ್ಕ ಹಾಗೇ ಅಲ್ಲವೇ, ಒಂದು ಸಾಲದು. ಇವತ್ತು ಆ ವಿಗ್ರಹಗಳು ಲೋಕದ ಮ್ಯೂಸಿಯಮ್ಮುಗಳಲ್ಲಿ ಚೆದುರಿ ಕೂತಿವೆ. ಎಡೆ ಇಡುವವರು ಹೋಗಿ ಒಂದೂವರೆ ಸಾವಿರ ವರ್ಷವಾಯಿತು.

ನಮ್ಮ ಅವ್ವನ ಪಾಡು ಬೇರೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬದಲಾಯಿತು. ಅಲ್ಲಿಯವರೆಗೆ ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ, ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರ, ಮೂರೂ ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ಮತ್ತೆ ತೆಲಂಗಾಣ ಎಂದಾಯಿತು. ಸಾಲೆಯ ಭಾಷೆ, ಕಚೇರಿಯ ಕಾಗದ, ಬಸ್ಸಿನ ಬೋರ್ಡು ಬದಲಾದವು. ಊರ ಸೀಮೆಯ ಬೇವಿನ ಗಿಡ ಅಲ್ಲೇ ಉಳಿಯಿತು. ಅದರ ಬುಡದ ಕಲ್ಲಿಗೆ ಒಬ್ಬರು ಕನ್ನಡದಲ್ಲಿ ಬೇಡಿಕೊಂಡರು, ಪಕ್ಕದವರು ತೆಲುಗಿನಲ್ಲಿ.

ಗೆರೆಗಿಂತ ದೊಡ್ಡದು ಇನ್ನೊಂದು ನಡೆಯಿತು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಕಂಡುಬಂತು. 1977ರಲ್ಲಿ ದೇಶ, 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತ ಎಂದು ಸಾರಿದರು. ಅದು ಎಡೆಯಿಂದ ಆದ ಕೆಲಸವಲ್ಲ, ಮನೆ ಮನೆ ತಿರುಗಿ ಸೂಜಿ ಚುಚ್ಚಿದವರು ಮಾಡಿದ್ದು. ಆಯಿಯ ತೋಳಿನ ಮೇಲೂ ಆ ದುಂಡನೆಯ ಕಲೆ ಇತ್ತು, ಎಂಟಾಣೆ ಬಿಲ್ಲೆಯಷ್ಟು. ಅದನ್ನು ಅವಳು ಎಂದೂ ಅವ್ವನಿಗೆ ಎದುರಾಗಿ ಎಣಿಸಲಿಲ್ಲ.

ಕಾಲೇಜು ಸೇರಿದ ಹುರುಪಿನಲ್ಲಿ ನಾನೊಮ್ಮೆ ಕೇಳಿದೆ: "ಸಿಡುಬೇ ಹೋಗ್ಯಾದಲ್ಲ ಆಯಿ, ಇನ್ಯಾಕ ಬೋನ?"

ಆಯಿ ಗಡಿಗೆಗೆ ಸುಣ್ಣ ಬಳಿಯುತ್ತಿದ್ದಳು. ತಲೆ ಎತ್ತಲಿಲ್ಲ. "ವರ್ಷಾ ಕರದು ಉಣ್ಣಾಕ ಹಾಕೀವಿ. ಈಗ ನಿನ್ನ ಕೆಲಸ ಮುಗೀತು, ಬರಬ್ಯಾಡ ಅಂತ ನಾ ಹ್ಯಾಂಗ ಹೇಳಲಿ? ನೀ ಹೋಗಿ ಹೇಳ್ತಿ ಏನು?"

ನಾನು ಎದ್ದು ಬೇವಿನ ತೊಪ್ಪಲು ಹರಿಯಲು ಹೋದೆ.